ತಾಮ್ರದ ಮಿಶ್ರಲೋಹದ ಪ್ಲೇಟ್ ತರಿಸುತ್ತಿದ್ದೀರಾ? ಯಾವ ಕೋಡ್ ಹಾಕಬೇಕು, ಸುಂಕ ಎಲ್ಲಿ ಬದಲಾಗುತ್ತದೆ

ಹೊರದೇಶದಿಂದ ಹಿತ್ತಾಳೆ ಪ್ಲೇಟ್ ತರಿಸುವಾಗ ಎಲ್ಲರೂ ರೇಟು ಕೇಳುತ್ತಾರೆ, ಸಾಗಣೆ ಖರ್ಚು ಕೇಳುತ್ತಾರೆ, ಯಾವಾಗ ಕೈಗೆ ಸಿಗುತ್ತೆ ಅಂತ ಕೇಳುತ್ತಾರೆ. ಕಸ್ಟಮ್ಸ್ ಕೋಡ್ ವಿಷಯಕ್ಕೆ ಬಂದರೆ ಮಾತ್ರ ಸಪ್ಲೈಯರ್ ಇನ್ವಾಯ್ಸಿನಲ್ಲಿ ಬರೆದದ್ದನ್ನೇ ಕಣ್ಣು ಮುಚ್ಚಿ ನಕಲು ಮಾಡುತ್ತಾರೆ. ಆತನಿಗೆ ನಿಮ್ಮ ದೇಶದ ಸುಂಕದ ಚಿಂತೆ ಯಾಕಿರುತ್ತದೆ ಹೇಳಿ. ಕೋಡ್ ತಪ್ಪಾದರೆ ನೋಟಿಸ್ ಬರುವುದು ತರಿಸಿಕೊಂಡವರಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಕೋಡ್ ಮುಂದಿಟ್ಟುಕೊಂಡು ಸುಂಕ ಕಡಿಮೆ ಇರುವುದನ್ನು ಆರಿಸಿಕೊಳ್ಳುವ ಆಟ ಇದಲ್ಲ. ಸರಕು ಏನೋ ಅದೇ ಅದರ ಕೋಡ್. ನಿಮ್ಮ ಕೈಯಲ್ಲಿರುವ ಆಯ್ಕೆ ಬೇರೆ: ಯಾವ ಗ್ರೇಡ್ ತರಿಸಬೇಕು, ಎಷ್ಟು ದಪ್ಪ, ಎಷ್ಟು ಅಗಲ, ಕಾಯಿಲ್ ಆಗಿಯೋ ಕತ್ತರಿಸಿದ ಶೀಟ್ ಆಗಿಯೋ, ಯಾವ ದೇಶದಿಂದ, ಮತ್ತೆ ಕೋಡ್ ಬಗ್ಗೆ ಅನುಮಾನ ಬಂದರೆ ಯಾರನ್ನು ಕೇಳಬೇಕು. ಇದೆಲ್ಲ ಆರ್ಡರ್ ಕೊಡುವ ಮೊದಲು ಆಗಬೇಕಾದ ಕೆಲಸ. ಸರಕು ಬಂದರಿಗೆ ಬಂದ ಮೇಲೆ ಯೋಚಿಸಿ ಏನೂ ಪ್ರಯೋಜನವಿಲ್ಲ.

ಹಿನ್ನೆಲೆ ಬೇಗ ಮುಗಿಸೋಣ. ಬಹುತೇಕ ಎಲ್ಲ ದೇಶಗಳೂ ಬಳಸುವುದು ಎಚ್‌ಎಸ್ (ಹಾರ್ಮೊನೈಸ್ಡ್ ಸಿಸ್ಟಮ್) ಕೋಡ್, ಅಂದರೆ ಪ್ರತಿಯೊಂದು ಬಗೆಯ ಸರಕಿಗೂ ಕೊಟ್ಟಿರುವ ಅಂಕಿಗಳ ಗುರುತು. 1988ರ ಜನವರಿ 1ರಿಂದ ಜಾರಿಯಲ್ಲಿದೆ, ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಮೊದಲ ಆರು ಅಂಕಿ ಎಲ್ಲ ಕಡೆ ಒಂದೇ. ಅದರ ಮುಂದಿನ ಅಂಕಿಗಳು ಆಯಾ ದೇಶದ್ದು, ಸುಂಕದ ದರವೂ ಆಯಾ ದೇಶದ್ದು. ತಾಮ್ರ ಮತ್ತು ಅದರ ಮಿಶ್ರಲೋಹಗಳು 74ನೇ ಅಧ್ಯಾಯದಲ್ಲಿವೆ. 0.15 ಮಿ.ಮೀ.ಗಿಂತ ದಪ್ಪ ಇರುವ ಪ್ಲೇಟ್, ಶೀಟ್, ಪಟ್ಟಿ ಎಲ್ಲ 7409ಕ್ಕೆ ಬರುತ್ತವೆ. ಈಗ ನಡೆಯುತ್ತಿರುವುದು 2022ರ ಆವೃತ್ತಿ, ಮುಂದಿನದು 2028ರ ಜನವರಿ 1ಕ್ಕೆ. ಹಳೆಯ ಪುಸ್ತಕ ಇಟ್ಟುಕೊಂಡವರು ಒಂದು ಗಮನಿಸಿ. ‘ಪ್ಲೇಟ್ ಅಂದರೆ ಏನು’ ಎಂಬ ವ್ಯಾಖ್ಯೆ ಮೊದಲು 74ನೇ ಅಧ್ಯಾಯದ ಟಿಪ್ಪಣಿಯಲ್ಲೇ ಇತ್ತು. 2022ರಲ್ಲಿ ಅದನ್ನು 15ನೇ ವಿಭಾಗದ 9ನೇ ಟಿಪ್ಪಣಿಗೆ ಸಾಗಿಸಿದ್ದಾರೆ. ಅಧ್ಯಾಯದಲ್ಲಿ ಹುಡುಕಿ ಸಿಗಲಿಲ್ಲ ಅಂತ ಗಾಬರಿಯಾಗಬೇಡಿ.

ಶುದ್ಧ ತಾಮ್ರವೋ, ಮಿಶ್ರಲೋಹವೋ

ಎಂಜಿನಿಯರ್‌ಗಳ ಲೆಕ್ಕಕ್ಕೂ ಕಸ್ಟಮ್ಸ್ ಲೆಕ್ಕಕ್ಕೂ ಮೊದಲ ಜಗಳ ಇಲ್ಲೇ. ಎಂಜಿನಿಯರ್‌ಗೆ ಏನಾದರೂ ಬೆರೆಸಿದ್ದರೆ ಅದು ಮಿಶ್ರಲೋಹ. ಕಸ್ಟಮ್ಸ್‌ಗೆ ಹಾಗಲ್ಲ. ತಾಮ್ರ ಶೇ 99.85 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಶುದ್ಧೀಕರಿಸಿದ ತಾಮ್ರ, ಅಲ್ಲಿಗೆ ಮುಗಿಯಿತು. ಶೇ 97.5ರಷ್ಟಾದರೂ ತಾಮ್ರ ಇದ್ದು, ಬೆರೆತಿರುವ ಪ್ರತಿಯೊಂದು ಧಾತುವೂ ತನ್ನ ಮಿತಿಯೊಳಗೇ ಇದ್ದರೆ ಅದೂ ಶುದ್ಧೀಕರಿಸಿದ ತಾಮ್ರವೇ. ಮಿತಿಗಳು ಅಧ್ಯಾಯದ ಟಿಪ್ಪಣಿಯಲ್ಲಿ ಒಂದು ಪುಟ್ಟ ಕೋಷ್ಟಕದಲ್ಲಿವೆ: ಕ್ರೋಮಿಯಂ 1.4, ಸೀಸ 1.5, ಸತು 1, ತವರ 0.8, ಟೆಲ್ಯೂರಿಯಂ 0.8, ಜಿರ್ಕೋನಿಯಂ 0.3, ಬೆಳ್ಳಿ 0.25, ಹೀಗೆ. ಪಟ್ಟಿಯಲ್ಲಿ ಹೆಸರಿಲ್ಲದ ಕಬ್ಬಿಣ, ನಿಕ್ಕಲ್, ಅಲ್ಯೂಮಿನಿಯಂ, ಬೆರಿಲಿಯಂ, ಸಿಲಿಕಾನ್ ಇಂಥವಕ್ಕೆ ತಲಾ 0.3. ಇವುಗಳಲ್ಲಿ ಯಾವುದಾದರೂ ಒಂದು ಮಿತಿ ದಾಟಿದರೆ ಮಿಶ್ರಲೋಹ. ಎಲ್ಲ ಸೇರಿ ಶೇ 2.5 ದಾಟಿದರೂ ಮಿಶ್ರಲೋಹ.

ಇದರ ಪರಿಣಾಮ ನೋಡಿ. ವೆಲ್ಡಿಂಗ್ ಎಲೆಕ್ಟ್ರೋಡಿಗೆ ಬಳಸುವ ಕ್ರೋಮಿಯಂ ತಾಮ್ರದಲ್ಲಿ ಕ್ರೋಮಿಯಂ ಸಾಮಾನ್ಯವಾಗಿ ಶೇ 0.6ರಿಂದ 1.2. ಮಿತಿ 1.4. ಅಂದರೆ ಕ್ಯಾಟಲಾಗಿನಲ್ಲಿ ದೊಡ್ಡದಾಗಿ ‘ಅಲಾಯ್’ ಅಂತ ಬರೆದಿದ್ದರೂ ಕಸ್ಟಮ್ಸ್‌ನಲ್ಲಿ ಅದು ಶುದ್ಧೀಕರಿಸಿದ ತಾಮ್ರ, ಕಾಯಿಲ್ ಆದರೆ 7409.11, ಇಲ್ಲದಿದ್ದರೆ 7409.19. ಶೇ 0.5ರ ಆಸುಪಾಸು ಟೆಲ್ಯೂರಿಯಂ ಇರುವ ತಾಮ್ರವೂ ಹಾಗೇ. ಇದಕ್ಕೆ ತದ್ವಿರುದ್ಧ, ಚಿಪ್‌ಗಳ ಲೀಡ್‌ಫ್ರೇಮಿಗೆ ಬಳಸುವ ಕಬ್ಬಿಣ ಬೆರೆತ ತಾಮ್ರ. ನೋಡುವುದಕ್ಕೆ ಅಪ್ಪಟ ತಾಮ್ರದ ಹಾಗೇ ಇದೆ, ಕಬ್ಬಿಣ ಬರೀ ಶೇ 2 ಚಿಲ್ಲರೆ. ಆದರೆ ಅದರ ಮಿತಿ 0.3 ಆದ್ದರಿಂದ ಇದು ಸೀದಾ ಮಿಶ್ರಲೋಹ, ಅದೂ ‘ಇತರೆ’ ಎಂಬ 7409.90ಕ್ಕೆ.

ಬೆರಿಲಿಯಂ ತಾಮ್ರ ಇನ್ನೂ ಕಿತಾಪತಿ. ಅದರಲ್ಲಿ ಬೆರಿಲಿಯಂ ಸುಮಾರು ಶೇ 1.8ರಿಂದ 2, ಹಾಗಾಗಿ ಖಂಡಿತ ಮಿಶ್ರಲೋಹ, 7409.90. ಆದರೆ ಗೋದಾಮಿನಲ್ಲಿ ಕೈಯಲ್ಲಿ ಹಿಡಿದು ಒತ್ತುವ, ಎಕ್ಸ್-ರೇ ಬಿಟ್ಟು ಲೋಹದಲ್ಲಿ ಏನೇನಿದೆ ಎಂದು ತೋರಿಸುವ ಎಕ್ಸ್‌ಆರ್‌ಎಫ್ ಗನ್ನಿಗೆ ಬೆರಿಲಿಯಂ ಕಾಣಿಸುವುದೇ ಇಲ್ಲ, ಅಷ್ಟು ಹಗುರ ಧಾತು ಅದು. ಗನ್ನು ಒತ್ತಿದರೆ ತಾಮ್ರ 99 ಚಿಲ್ಲರೆ, ಕೋಬಾಲ್ಟ್ ಒಂಚೂರು ಅಂತ ತೋರಿಸುತ್ತದೆ. ಅದನ್ನು ನಂಬಿದರೆ ಕೋಡ್ ಕೆಟ್ಟಿತು. ಇಂಥ ಗ್ರೇಡ್‌ಗಳಿಗೆ ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಬೇಕು, ಅಥವಾ ಪ್ರಯೋಗಾಲಯದಲ್ಲಿ ಸರಿಯಾಗಿ ಮಾಡಿಸಿದ ರಾಸಾಯನಿಕ ಪರೀಕ್ಷೆ.

ಇನ್ನೊಂದು ತುದಿಯನ್ನೂ ನೋಡಿಬಿಡೋಣ. ತಾಮ್ರ ಇದೆ ಎಂದ ಮಾತ್ರಕ್ಕೆ 74ನೇ ಅಧ್ಯಾಯ ಆಗುವುದಿಲ್ಲ, ಉಳಿದ ಪ್ರತಿಯೊಂದು ಲೋಹಕ್ಕಿಂತ ತಾಮ್ರದ ತೂಕ ಜಾಸ್ತಿ ಇರಬೇಕು. ಮೋನೆಲ್ ಪ್ಲೇಟಿನಲ್ಲಿ ಶೇ 60ಕ್ಕಿಂತ ಹೆಚ್ಚು ನಿಕ್ಕಲ್ ಇರುತ್ತದೆ, ಅದು 75ನೇ ಅಧ್ಯಾಯದ ಸರಕು. ಬೆಳ್ಳಿಯ ಲೆಕ್ಕವಂತೂ ಎಲ್ಲಕ್ಕಿಂತ ವಿಚಿತ್ರ. ಶೇ 98 ತಾಮ್ರ, ಶೇ 2 ಬೆಳ್ಳಿ ಇದ್ದರೆ ಅದು ಬೆಳ್ಳಿಯ ಮಿಶ್ರಲೋಹ, ಸೇರುವುದು ಚಿನ್ನ ಬೆಳ್ಳಿಯ 71ನೇ ಅಧ್ಯಾಯಕ್ಕೆ. ರಿಲೇ, ಸ್ವಿಚ್ಚುಗಳ ಕಾಂಟ್ಯಾಕ್ಟಿಗೆ ಬಳಸುವ ಪಟ್ಟಿ ತರಿಸುವವರು ಇನ್ನೊಂದು ವಿಷಯವನ್ನೂ ನೋಡಬೇಕು. ತಾಮ್ರದ ಮೇಲೆ ಬೆಳ್ಳಿಯ ಪ್ಲೇಟಿಂಗ್ ಇದ್ದರೆ ಅದು 74ರಲ್ಲೇ ಉಳಿಯುತ್ತದೆ. ಬೆಳ್ಳಿಯ ಹಾಳೆಯನ್ನು ಬಿಸಿ ರೋಲಿಂಗ್ ಮಾಡಿಯೋ ಬೆಸುಗೆ ಹಾಕಿಯೋ ಕೂರಿಸಿದ್ದರೆ 71ಕ್ಕೆ ಹೋಗುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಹಿತ್ತಾಳೆ, ಕಂಚು, ಕುಪ್ರೋನಿಕ್ಕಲ್, ಇತರೆ

ಮಿಶ್ರಲೋಹ ಎಂದು ಖಚಿತವಾದ ಮೇಲೆ ನಾಲ್ಕು ಗುಂಪು. ತಾಮ್ರ-ಸತುವಿನ ಹಿತ್ತಾಳೆ 7409.21 ಮತ್ತು .29, ತಾಮ್ರ-ತವರದ ಕಂಚು 7409.31 ಮತ್ತು .39. ಎರಡರಲ್ಲೂ ಮೊದಲನೆಯದು ಕಾಯಿಲ್‌ಗೆ, ಎರಡನೆಯದು ಕತ್ತರಿಸಿದ್ದಕ್ಕೆ. ತಾಮ್ರ-ನಿಕ್ಕಲ್ (ಕುಪ್ರೋನಿಕ್ಕಲ್) ಮತ್ತು ತಾಮ್ರ-ನಿಕ್ಕಲ್-ಸತು (ನಿಕ್ಕಲ್ ಸಿಲ್ವರ್) ಎರಡಕ್ಕೂ ಸೇರಿ 7409.40. ಉಳಿದದ್ದೆಲ್ಲ 7409.90. ಕೊನೆಯ ಎರಡರಲ್ಲಿ ಕಾಯಿಲ್ಲೋ ಶೀಟೋ ಎಂಬ ಭೇದ ಆರು ಅಂಕಿಯ ಮಟ್ಟದಲ್ಲಿ ಇಲ್ಲ.

ಇಲ್ಲಿ ವ್ಯಾಪಾರದ ಹೆಸರನ್ನು ನಂಬಿದರೆ ಕೆಟ್ಟಿರಿ. ಅಲ್ಯೂಮಿನಿಯಂ ಬ್ರಾಂಜ್ ಎನ್ನುತ್ತಾರೆ, ಅದರಲ್ಲಿ ಹೇಳಿಕೊಳ್ಳುವಷ್ಟು ತವರವೇ ಇರುವುದಿಲ್ಲ. ಹಾಗಾಗಿ ಕಂಚಿನ ಕೋಡ್ ಅದಕ್ಕೆ ಸಲ್ಲುವುದಿಲ್ಲ, 7409.90 ಆಗುತ್ತದೆ. ಸಿಲಿಕಾನ್ ಬ್ರಾಂಜಿನದೂ ಇದೇ ಕಥೆ. ಮ್ಯಾಂಗನೀಸ್ ಬ್ರಾಂಜ್ ತೆಗೆದುಕೊಳ್ಳಿ: ತಾಮ್ರ ಶೇ 58ರ ಹತ್ತಿರ, ಸತು 38, 39. ಮ್ಯಾಂಗನೀಸ್, ಕಬ್ಬಿಣ, ತವರ ಇವೆಲ್ಲ ಒಂದೊಂದು ಪರ್ಸೆಂಟಿನ ಆಚೀಚೆ. ಹೆಸರಿನಲ್ಲಿ ಬ್ರಾಂಜ್ ಇದ್ದರೂ ಇದು ಹಿತ್ತಾಳೆ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಅಲ್ವಾ? ಅದು 7409.40. ಫಾಸ್ಫರ್ ಬ್ರಾಂಜ್ ಮಾತ್ರ ಹೆಸರಿಗೆ ತಕ್ಕ ಹಾಗೆ ಕಂಚೇ.

ನಿಯಮ ಏನು ಹೇಳುತ್ತದೆ ಎಂದರೆ, ಹಿತ್ತಾಳೆ ಆಗಬೇಕಾದರೆ ತಾಮ್ರದ ಜೊತೆಗಿರುವ ಉಳಿದ ಧಾತುಗಳಲ್ಲಿ ಸತುವೇ ಎಲ್ಲಕ್ಕಿಂತ ಜಾಸ್ತಿ ಇರಬೇಕು, ನಿಕ್ಕಲ್ ಶೇ 5ಕ್ಕಿಂತ ಕಡಿಮೆ ಇರಬೇಕು, ತವರ ಶೇ 3ಕ್ಕಿಂತ ಕಡಿಮೆ ಇರಬೇಕು. ಕಂಚಿಗೆ ತವರ ಮುಂದಿರಬೇಕು. ಒಂದು ವಿನಾಯಿತಿ ಇದೆ: ತವರ ಶೇ 3 ಅಥವಾ ಹೆಚ್ಚಿದ್ದರೆ ಸತು ತವರವನ್ನು ಮೀರಬಹುದು, ಆದರೆ ಶೇ 10ಕ್ಕಿಂತ ಕಡಿಮೆಯೇ ಇರಬೇಕು.

ಓದುವಾಗ ಸಲೀಸು ಅನ್ನಿಸುತ್ತದೆ. ಕನೆಕ್ಟರ್, ಸ್ಪ್ರಿಂಗ್ ಮಾಡುವ ಪಟ್ಟಿಗಳಲ್ಲಿ ತವರ 3, ಸತು 9ರ ಸುತ್ತಮುತ್ತ ಇರುವ ಗ್ರೇಡ್ ಒಂದಿದೆ, ಅದನ್ನು ಈ ನಿಯಮಕ್ಕೆ ಹಾಕಿ ನೋಡಿ. ಒಂದು ಲಾಟಿನ ಸರ್ಟಿಫಿಕೇಟಿನಲ್ಲಿ ತವರ 2.8, ಸತು 9 ಬಂದಿದೆ ಎಂದುಕೊಳ್ಳಿ. ಸತು ಮುಂದಿದೆ, ತವರ 3 ಮುಟ್ಟಿಲ್ಲ, ಹಿತ್ತಾಳೆ. ಮುಂದಿನ ಲಾಟ್, ಅದೇ ಗ್ರೇಡ್, ತವರ 3.2, ಸತು 9. ಈಗ ಕಂಚು! ಇನ್ನು ತವರ 3.2 ಇದ್ದು ಸತು 10.5 ಆಯಿತೆನ್ನಿ, ತವರ 3 ದಾಟಿರುವುದರಿಂದ ಹಿತ್ತಾಳೆ ಅಲ್ಲ, ಸತು 10 ದಾಟಿರುವುದರಿಂದ ಕಂಚೂ ಅಲ್ಲ, ಹೋಗಿ ‘ಇತರೆ’ಯಲ್ಲಿ ಕೂರುತ್ತದೆ. ಗ್ರೇಡಿನ ಹೆಸರು ನೋಡಿ ಕೋಡ್ ಹಾಕುವ ಅಭ್ಯಾಸ ಯಾಕೆ ಬೇಡ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಇಂಥ ಗ್ರೇಡ್ ತರಿಸುವವರು ಆರ್ಡರಿನಲ್ಲೇ ತವರದ ಮಿತಿ ಬರೆದುಬಿಡಿ. ‘ತವರ 2.9 ಮೀರಬಾರದು’ ಅಂತಲೋ ‘3.1ಕ್ಕಿಂತ ಕಡಿಮೆ ಬೇಡ’ ಅಂತಲೋ. ಮಿಲ್ಲಿಗೆ ಅದೇನೂ ಕಷ್ಟವಲ್ಲ.

ನಿಕ್ಕಲ್ ಇರುವ ಗ್ರೇಡ್‌ಗಳಲ್ಲಿ ಇಷ್ಟು ತಲೆನೋವಿಲ್ಲ. ನಿಕ್ಕಲ್ ಶೇ 5 ಅಥವಾ ಹೆಚ್ಚಿದ್ದು ಸತುವೂ ಇದ್ದರೆ ನಿಕ್ಕಲ್ ಸಿಲ್ವರ್. ಸತು ಶೇ 1 ಮೀರದೆ, ಉಳಿದವುಗಳಲ್ಲಿ ನಿಕ್ಕಲ್ ಮುಂದಿದ್ದರೆ ಕುಪ್ರೋನಿಕ್ಕಲ್. ಪ್ಲೇಟಿನ ವಿಷಯದಲ್ಲಿ ಎರಡೂ 7409.40ಕ್ಕೇ ಬರುವುದರಿಂದ ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಪ್ಲೇಟೋ, ಬಾರೋ, ಫಾಯಿಲೋ

ಲೋಹದ ಪ್ರಶ್ನೆ ಮುಗಿದರೂ ಆಕಾರದ ಪ್ರಶ್ನೆ ಉಳಿದಿದೆ. ಆಯತಾಕಾರದ ತುಂಡು ಪ್ಲೇಟ್ ಆಗಬೇಕಾದರೆ ಅದರ ದಪ್ಪ ಅಗಲದ ಹತ್ತನೇ ಒಂದು ಭಾಗ ಮೀರಬಾರದು. 12 ಮಿ.ಮೀ. ದಪ್ಪ, 600 ಮಿ.ಮೀ. ಅಗಲದ ಹಿತ್ತಾಳೆ ಪ್ಲೇಟ್ ಪ್ಲೇಟೇ. ಅದನ್ನೇ ಸಪ್ಲೈಯರ್ ಹತ್ತಿರ 100 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ ಕಳಿಸಿ ಎಂದಿರಿ ಅನ್ನಿ, ಈಗ ದಪ್ಪ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿಯಾಯಿತು, ಅದು ಬಾರ್, 7407ಕ್ಕೆ ಹೋಗುತ್ತದೆ. ಲೋಹ ಬದಲಾಗಿಲ್ಲ, ಗ್ರೇಡ್ ಬದಲಾಗಿಲ್ಲ, ಗರಗಸ ಓಡಿಸಿದ ಜಾಗ ಮಾತ್ರ ಬದಲಾಗಿದೆ. 10 ಮಿ.ಮೀ. ದಪ್ಪ, 100 ಮಿ.ಮೀ. ಅಗಲ ಆಗಿದ್ದರೆ ಇನ್ನೂ ಪ್ಲೇಟೇ, ಯಾಕಂದರೆ ನಿಯಮ ‘ಮೀರಬಾರದು’ ಎನ್ನುತ್ತದೆ, ಸಮ ಇದ್ದರೆ ತೊಂದರೆಯಿಲ್ಲ.

ತೆಳು ಕಡೆಯ ಗೆರೆ 0.15 ಮಿ.ಮೀ. ಅದನ್ನು ಮೀರದಿದ್ದರೆ ಫಾಯಿಲ್, 7410. ಹಿಂಭಾಗಕ್ಕೆ ಕಾಗದ, ಪ್ಲಾಸ್ಟಿಕ್ ಅಂಟಿಸಿದ್ದರೆ ಅದರ ದಪ್ಪ ಲೆಕ್ಕಕ್ಕಿಲ್ಲ. 0.15 ಎಂದು ಆರ್ಡರ್ ಮಾಡಿದ ಪಟ್ಟಿ ಒಂದು ಕಡೆ 0.148, ಇನ್ನೊಂದು ಕಡೆ 0.153 ಬಂದರೆ ಏನು ಮಾಡುತ್ತೀರಿ? ಅಷ್ಟು ಗೆರೆಯ ಮೇಲೆ ಆರ್ಡರ್ ಕೊಡದಿರುವುದೇ ಮೇಲು. ನಿಮ್ಮ ಕೆಲಸಕ್ಕೆ ನಡೆಯುವುದಾದರೆ 0.14 ಅಥವಾ 0.16 ಕೇಳಿ.

ಪ್ಲೇಟಿಗೆ ತೂತು ಹೊಡೆದಿದ್ದರೆ, ಪಾಲಿಶ್ ಮಾಡಿದ್ದರೆ, ಮೇಲೆ ಲೇಪನ ಇದ್ದರೆ, ಚೌಕುಳಿ ವಿನ್ಯಾಸ ಒತ್ತಿದ್ದರೆ, ಏರಿಳಿತ ಕೊಟ್ಟಿದ್ದರೆ ಅಷ್ಟಕ್ಕೇ 7409 ತಪ್ಪಿಹೋಗುವುದಿಲ್ಲ. ದುಂಡಗೆ ಕತ್ತರಿಸಿದ್ದರೂ ಸರಿ. ಅದು ಒಂದು ಸಿದ್ಧ ವಸ್ತುವಿನ ಗುಣ ಪಡೆಯಿತೋ ಇಲ್ಲವೋ ಎನ್ನುವುದೇ ಪ್ರಶ್ನೆ. ಹಾಳೆಯ ತುಂಬಾ ತೂತಿರುವ ಶೀಟು ಇನ್ನೂ ಶೀಟೇ. ನಾಲ್ಕು ಮೂಲೆಗೆ ಸ್ಕ್ರೂ ತೂತು, ಮಧ್ಯದಲ್ಲಿ ಕೆತ್ತಿದ ಹೆಸರು ಇದ್ದರೆ ಅದು ನಾಮಫಲಕ, 8310. ಅಂಚು ಮಡಚಿ, ನಿರ್ದಿಷ್ಟ ಜಾಗದಲ್ಲಿ ಬೋಲ್ಟಿನ ತೂತು ಹೊಡೆದು, ಇಂಥದ್ದೇ ಯಂತ್ರಕ್ಕೆ ಕೂರುವ ಹಾಗೆ ಮಾಡಿದ್ದರೆ ಅದು ಭಾಗದ ಕೋಡ್ ಕೇಳುತ್ತದೆ. ಇದರ ನಡುವೆ ಬರುವ ಅರೆಬೆಂದ ತುಂಡುಗಳಲ್ಲಿ ವಾದ ವಿವಾದ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದರೆ, ಒಂದೆರಡು ತೂತಿನ ಕೆಲಸವನ್ನು ತರಿಸಿಕೊಂಡ ಮೇಲೆ ನೀವೇ ಮಾಡಿಕೊಳ್ಳಿ, ಆಗ ಬರುವುದು ಸಾದಾ ಪ್ಲೇಟ್, ಪ್ರಶ್ನೆಯೇ ಇಲ್ಲ.

ಸುಂಕ: ಕೋಡ್ ಒಂದೇ ಅಲ್ಲ

ಈಗ ದುಡ್ಡಿನ ಮಾತು. ಇಷ್ಟೆಲ್ಲ ಕೂದಲು ಸೀಳಿದ ಮೇಲೆ ಕೋಡಿನಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದರೆ, ಕೆಲವು ಕಡೆ ಏನೂ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 7409ರ ಮೂಲ ದರ ಶೇ 4.8, 7407ಕ್ಕೂ ಅಷ್ಟೇ, ಹಾಗಾಗಿ ಅಲ್ಲಿ ಬಾರೋ ಪ್ಲೇಟೋ ಎಂದು ಹೊಡೆದಾಡಿ ಉಳಿಸುವುದು ಸೊನ್ನೆ. ಫಾಯಿಲ್‌ಗೆ ಶೇ 5.2. ಅಮೆರಿಕದಲ್ಲಿ ಹಿತ್ತಾಳೆ ಪ್ಲೇಟಿನ ಮೂಲ ದರ ಶೇ 1.9, ಕುಪ್ರೋನಿಕ್ಕಲ್‌ಗೆ ಶೇ 3. ಅಲ್ಲಿ ವ್ಯತ್ಯಾಸ ಇದೆ, ಆದರೆ ಸಣ್ಣದು.

ದೊಡ್ಡ ಹೊಡೆತ ಬರುವುದು ಮೂಲ ದರದಿಂದಲ್ಲ, ಅದರ ಮೇಲೆ ಬೀಳುವ ಹೆಚ್ಚುವರಿ ಸುಂಕದಿಂದ. ಅಮೆರಿಕ 2025ರ ಆಗಸ್ಟ್ 1ರಿಂದ ತಾಮ್ರದ ಅರೆಸಿದ್ಧ ಸರಕುಗಳ ಮೇಲೆ ಶೇ 50 ಹಾಕಿತು, ಪ್ಲೇಟ್, ಪಟ್ಟಿ, ತಂತಿ, ಕೊಳವೆ ಎಲ್ಲ ಅದರೊಳಗೆ ಬಂದವು, ಕ್ಯಾಥೋಡ್ (ಶುದ್ಧೀಕರಿಸಿದ ತಾಮ್ರದ ಕಚ್ಚಾ ಹಲಗೆ) ಮತ್ತು ಗುಜರಿ ತಾಮ್ರ ಹೊರಗುಳಿದವು. ಶೇ 1.9 ಎಲ್ಲಿ, 50 ಎಲ್ಲಿ! ಇಂಥ ಆದೇಶಗಳು ಆಗಾಗ ಬದಲಾಗುವುದರಿಂದ ಆರ್ಡರ್ ಕೊಡುವ ದಿನ ಒಮ್ಮೆ, ಸರಕು ಹಡಗು ಹತ್ತುವ ಮೊದಲು ಇನ್ನೊಮ್ಮೆ ದರ ನೋಡುವುದು ಒಳ್ಳೆಯದು.

ಆ್ಯಂಟಿ ಡಂಪಿಂಗ್ ಸುಂಕದ, ಅಂದರೆ ಹೊರದೇಶದವರು ತೀರಾ ಅಗ್ಗಕ್ಕೆ ತಂದು ಸುರಿಯುವ ಸರಕಿನ ಮೇಲೆ ಹಾಕುವ ಸುಂಕದ ದಾರಿಯೇ ಬೇರೆ. ಅದು ಕೋಡಿಗಿಂತ ಸರಕಿನ ವರ್ಣನೆಯನ್ನು ನೋಡುತ್ತದೆ. 1987ರಲ್ಲಿ ಅಮೆರಿಕ ಜರ್ಮನಿ, ಫ್ರಾನ್ಸ್, ಇಟಲಿ ಮುಂತಾದ ದೇಶಗಳ ಹಿತ್ತಾಳೆ ಶೀಟ್ ಮತ್ತು ಪಟ್ಟಿಯ ಮೇಲೆ ಇದನ್ನು ಹಾಕಿದಾಗ, ಯಾವ ಹಿತ್ತಾಳೆ ಎಂಬುದನ್ನು ಯುಎನ್‌ಎಸ್ ಎಂಬ ಲೋಹದ ಗ್ರೇಡ್‌ಗಳ ಸಂಖ್ಯಾ ಸರಣಿಯ ಮೇಲೆ ಬರೆದಿತ್ತು. ಅಂದರೆ ಕೋಡ್ ಸರಿಯಾಗಿ ಹಾಕಿದ್ದೇನೆ, ನಿಶ್ಚಿಂತೆ ಎಂದು ಕೂರುವ ಹಾಗಿಲ್ಲ. ಆದೇಶದ ವ್ಯಾಪ್ತಿಯ ಪ್ಯಾರಾವನ್ನು ಪೂರ್ತಿ ಓದಬೇಕು. ನೀರಸ ಕೆಲಸ, ನಿಜ.

ಮೌಲ್ಯದ ಲೆಕ್ಕವನ್ನೂ ಹೋಲಿಸಿ ನೋಡಿ. ಯುರೋಪಿಯನ್ ಒಕ್ಕೂಟದ ಹಾಗೆ ಕೆಲವು ಕಡೆ ಗಡಿವರೆಗಿನ ಸಾಗಣೆ, ವಿಮೆ ಸೇರಿಸಿ ಸುಂಕ ಹಾಕುತ್ತಾರೆ. ಅಮೆರಿಕದಲ್ಲಿ ಅಂತರರಾಷ್ಟ್ರೀಯ ಸಾಗಣೆ, ವಿಮೆ ಬಿಟ್ಟು ಹಾಕುತ್ತಾರೆ. ಸರಕಿನ ಬೆಲೆ 1,00,000, ಸಾಗಣೆ ಮತ್ತು ವಿಮೆ 4,000, ದರ ಶೇ 4.8 ಇದ್ದರೆ ಮೊದಲ ಲೆಕ್ಕದಲ್ಲಿ ಸುಂಕ 4,992, ಎರಡನೆಯದರಲ್ಲಿ 4,800. ಹಡಗಿನಲ್ಲಿ ಬಂದರೆ ಇದು ಚಿಲ್ಲರೆ. ಅದೇ ಭಾರದ ಪ್ಲೇಟನ್ನು ಅವಸರಕ್ಕೆ ವಿಮಾನದಲ್ಲಿ ತರಿಸಿದರೆ ಸಾಗಣೆಯ ಮೇಲಿನ ಸುಂಕವೇ ಕಣ್ಣಿಗೆ ಹೊಡೆಯುತ್ತದೆ. ಇದಾದ ಮೇಲೆ ಆಮದಿನ ಮೇಲೆ ವ್ಯಾಟ್ ಅಥವಾ ಅಂಥ ತೆರಿಗೆ ಇರುವ ದೇಶಗಳಲ್ಲಿ ಸರಕಿನ ಮೌಲ್ಯಕ್ಕೆ ಸುಂಕವನ್ನೂ ಕೂಡಿಸಿ ಅದರ ಮೇಲೆ ತೆರಿಗೆ ಹಾಕುತ್ತಾರೆ. ಅದನ್ನು ವಾಪಸ್ ಪಡೆಯಲು ಬರುತ್ತದೋ ಇಲ್ಲವೋ ಎಂಬುದರ ಮೇಲೆ ನಿಮ್ಮ ನಿಜವಾದ ಖರ್ಚು ನಿಂತಿದೆ.

ಮುಕ್ತ ವ್ಯಾಪಾರ ಒಪ್ಪಂದ ಇರುವ ದೇಶದಿಂದ ತಂದರೆ ಸುಂಕ ಸೊನ್ನೆಯಾಗಬಹುದು. ಆದರೆ ಆ ದೇಶದ ಬಂದರಿನಿಂದ ಬಂದರೆ ಸಾಲದು, ಸರಕಿನ ಮೂಲ ಅಲ್ಲಿಯದೇ ಆಗಿರಬೇಕು. ಮೂಲ ನಿಯಮ ‘ನಾಲ್ಕು ಅಂಕಿಯ ಕೋಡ್ ಬದಲಾಗಬೇಕು’ ಎಂದಿದ್ದರೆ, 7403ರ ಗಟ್ಟಿಯನ್ನು ತಂದು ರೋಲಿಂಗ್ ಮಾಡಿ 7409ರ ಪ್ಲೇಟ್ ಮಾಡಿದವನು ಪಾಸ್. ಬೇರೆ ದೇಶದ 7409ರ ಕಾಯಿಲ್ ತಂದು ಸುಮ್ಮನೆ ಕತ್ತರಿಸಿ ಪ್ಯಾಕ್ ಮಾಡಿದವನದು ಕೋಡೇ ಬದಲಾಗಿಲ್ಲ, ಅವನ ಮೂಲ ಪ್ರಮಾಣಪತ್ರ ನಿಲ್ಲುವುದಿಲ್ಲ. ಸ್ಟಾಕಿಸ್ಟ್ ಹತ್ತಿರ ಕೊಳ್ಳುವಾಗ ‘ಯಾವ ಮಿಲ್ಲಿನಲ್ಲಿ ರೋಲ್ ಆಗಿದ್ದು?’ ಎಂದು ಕೇಳಿ. ಉತ್ತರ ಟೆಸ್ಟ್ ಸರ್ಟಿಫಿಕೇಟಿನ ತಲೆಭಾಗದಲ್ಲೇ ಇರುತ್ತದೆ.

ಅನುಮಾನ ಬಂದರೆ ಯಾರನ್ನು ಕೇಳೋದು

ಸಾದಾ 70-30 ಹಿತ್ತಾಳೆ ಶೀಟಿಗೆ ಯಾರನ್ನೂ ಕೇಳಬೇಕಿಲ್ಲ, ನೀವೇ ಹಾಕಬಹುದು. ಗೆರೆಯ ಹತ್ತಿರದ ಗ್ರೇಡ್, ಒಂದೇ ಸಲ ತರಿಸುವ ಸಣ್ಣ ಸರಕು ಆದರೆ ಲೋಹದ ಸರಕು ಬಿಡಿಸಿ ಅಭ್ಯಾಸವಿರುವ ಕಸ್ಟಮ್ಸ್ ಬ್ರೋಕರ್ ಸಾಕು. ಅಭ್ಯಾಸವಿರುವ ಎಂಬುದಕ್ಕೆ ಒತ್ತು ಕೊಡುತ್ತೇನೆ. ಬಟ್ಟೆ, ಆಟಿಕೆ ಬಿಡಿಸುವವರಿಗೆ ಅಲ್ಯೂಮಿನಿಯಂ ಬ್ರಾಂಜ್ ಕೊಟ್ಟರೆ ಅವರು ಹೆಸರು ನೋಡಿ ಕಂಚಿಗೆ ಹಾಕುವ ಸಂಭವವೇ ಜಾಸ್ತಿ. ಮತ್ತೆ ಬ್ರೋಕರ್ ಹೇಳಿದರು ಎನ್ನುವ ಕಾರಣಕ್ಕೆ ನಿಮ್ಮ ಜವಾಬ್ದಾರಿ ತಪ್ಪುವುದಿಲ್ಲ.

ಅದೇ ಸರಕು ತಿಂಗಳು ತಿಂಗಳು ಬರುವುದಾದರೆ ಕಸ್ಟಮ್ಸ್‌ನಿಂದಲೇ ಮುಂಗಡ ತೀರ್ಪು, ಅಂದರೆ ಸರಕು ಬರುವ ಮೊದಲೇ ಕೋಡ್ ಯಾವುದೆಂದು ಲಿಖಿತ ನಿರ್ಧಾರ, ತೆಗೆದುಕೊಳ್ಳಿ. 2017ರ ಫೆಬ್ರವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ವ್ಯಾಪಾರ ಸುಗಮಗೊಳಿಸುವ ಒಪ್ಪಂದ ಸದಸ್ಯ ದೇಶಗಳು ಇಂಥ ತೀರ್ಪು ಕೊಡಬೇಕೆಂದು ಹೇಳುತ್ತದೆ. ಯುರೋಪಿಯನ್ ಒಕ್ಕೂಟದ್ದು 3 ವರ್ಷ ನಡೆಯುತ್ತದೆ. ಸಮಯ ಹಿಡಿಯುತ್ತದೆ, ಮತ್ತೆ ಬಂದ ಉತ್ತರ ನಿಮಗೆ ಇಷ್ಟವಾಗದಿದ್ದರೂ ಅದಕ್ಕೆ ಬದ್ಧರಾಗಬೇಕು, ಆದರೂ ವರ್ಷಗಟ್ಟಲೆ ನಡೆಯುವ ವ್ಯವಹಾರಕ್ಕೆ ನಾನು ಇದನ್ನೇ ಆರಿಸುತ್ತೇನೆ. ಅರ್ಜಿ ಹಾಕುವ ಮೊದಲು ಹಳೆಯ ತೀರ್ಪುಗಳನ್ನು ಹುಡುಕಿ. ಅಮೆರಿಕ, ಯುರೋಪ್ ಎರಡೂ ಕಡೆ ಅವು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ದೇಶವನ್ನು ಅವು ಕಟ್ಟಿಹಾಕುವುದಿಲ್ಲ, ಆದರೆ ಮೊದಲ ಆರು ಅಂಕಿ ಒಂದೇ ಆದ್ದರಿಂದ ವಾದಕ್ಕೆ ಒಳ್ಳೆ ಆಧಾರ.

ಅರ್ಜಿ ಇರಲಿ, ಇನ್ವಾಯ್ಸ್ ಇರಲಿ, ವರ್ಣನೆ ಬರೆಯುವ ರೀತಿ ಒಂದೇ. ‘ಮೆಟಲ್ ಪ್ಲೇಟ್ಸ್’ ಎಂದು ಬರೆದರೆ ಅಧಿಕಾರಿ ಪೆಟ್ಟಿಗೆ ಬಿಚ್ಚದೆ ಬಿಡುವುದಿಲ್ಲ. ‘ಹಿತ್ತಾಳೆ ಶೀಟ್, ತಾಮ್ರ 63, ಸತು 37, ರೋಲ್ ಮಾಡಿದ್ದು, 2 x 600 x 2000 ಮಿ.ಮೀ., ಕಾಯಿಲ್ ಅಲ್ಲ, ಲೇಪನ ಇಲ್ಲ, ತೂತು ಇಲ್ಲ’ ಎಂದು ಬರೆಸಿ, ಲಾಟ್ ನಂಬರ್ ಟೆಸ್ಟ್ ಸರ್ಟಿಫಿಕೇಟಿನ ಜೊತೆ ಹೊಂದುವಂತೆ ನೋಡಿಕೊಳ್ಳಿ. ಒಂದೇ ಪ್ಯಾಲೆಟ್ಟಿನಲ್ಲಿ ಹಿತ್ತಾಳೆ, ಕಂಚು ಎರಡೂ ಇದ್ದರೆ ಪ್ರತಿಯೊಂದಕ್ಕೂ ಬೇರೆ ಸಾಲು, ಬೇರೆ ತೂಕ, ಬೇರೆ ಬೆಲೆ ಬರೆಸಿ.